ಹತ್ತಿ ಬಿಟ್ಟು ಇನ್ನೇನೂ ಇಲ್ಲ

ಆ ಬೀದಿಯಲ್ಲಿ ಅತಿ ಹೆಚ್ಚು ಸೋಪು ಕರಗುತ್ತಿದ್ದದ್ದು ಹಾಸಿಗೆ ಅಂಗಡಿಯವರ ಮನೆಯಲ್ಲಿ. ಯಜಮಾನನ ಹೆಂಡತಿಗೆ ಬೀದಿಯವರು ಸೋಪಮ್ಮ ಅಂತಲೇ ಹೆಸರಿಟ್ಟಿದ್ದರು. ಅದು ಆಕೆಯ ಕಿವಿಗೂ ಬಿದ್ದಿತ್ತು. ಬಿದ್ದು ಆಕೆಗೆ ಬೇಜಾರಾಗುವ ಬದಲು ಸಂತೋಷವೇ ಆಗಿತ್ತು.

ಆಕೆಯದೇ ತಪ್ಪು ಅನ್ನುವ ಹಾಗೂ ಇರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಸ ಹಾಸಿಗೆ ಹೊಲಿಸುವವರು ಅಪರೂಪ, ಹಳೆಯದನ್ನು ಬಿಚ್ಚಿಸಿ, ಹಿಂಜಿಸಿ, ಮತ್ತೆ ತುಂಬಿಸಿಕೊಂಡು ಹೋಗುವವರೇ ಎಲ್ಲ. ಕಂಡವರ ಬೆವರು, ಎಣ್ಣೆ, ಮಕ್ಕಳ ಉಚ್ಚೆ, ಕಾಯಿಲೆಯವರ ವಾಂತಿ, ಎಲ್ಲವೂ ಗಂಟು ಕಟ್ಟಿಕೊಂಡು ಆ ಕೋಣೆಗೆ ಬಂದು ಬೀಳುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಸೋಪಮ್ಮ ಆ ವಾಸನೆಗೆ ಮೂರು ಹೊತ್ತೂ ಓಕರಿಸುತ್ತಿದ್ದರಂತೆ. ಆಮೇಲೆ ಒಂದು ಕಟ್ಟುಪಾಡು ಮಾಡಿದರು. ಅಂಗಡಿಯಿಂದ ಅಡಿಗೆಮನೆಗೆ ಯಾರೇ ಬರಲಿ, ಹಿತ್ತಲ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದೇ ಬರಬೇಕು. ಗಂಡ ಬಂದರೂ ಅಷ್ಟೆ, ಮಗ ಬಂದರೂ ಅಷ್ಟೆ. ಸೊಸೆ ಬಂದರೆ ಎರಡು ಸಲ.

"ಅವರಿಗೆ ಒಂದು ಸಲ, ನನಗ್ಯಾಕೆ ಎರಡು ಸಲ?" ಅಂತ ಸೊಸೆ ಬಂದ ವರ್ಷವೇ ಕೇಳಿದ್ದಳು.

"ನಿನ್ನ ತವರಿನಲ್ಲಿ ಕೈ ತೊಳೆಯೋದು ಕಲಿಸಿದ್ದರೆ ಒಂದೇ ಸಲ ಸಾಕಾಗ್ತಿತ್ತು," ಅಂದಿದ್ದರು ಅತ್ತೆ. ಅವಳು ಉಜ್ಜಿದ ತಟ್ಟೆಯನ್ನು ಅವಳ ಎದುರಿಗೇ ಬೆಳಕಿಗೆ ಹಿಡಿದು, ಬೆರಳಿನಿಂದ ತಿಕ್ಕಿ, ಮುಖ ಕಿವುಚಿ, ವಾಪಸ್ಸು ತೊಟ್ಟಿಗೆ ಹಾಕುವುದು ಅತ್ತೆಯ ದಿನಚರಿ.

ಇಂಥ ಸೋಪಮ್ಮನಿಗೆ ಈ ಲೋಕದಲ್ಲಿ ಹೊಲಸು ಅನ್ನಿಸದ ವಸ್ತು ಒಂದೇ ಒಂದಿತ್ತು, ಗಂಡನ ಬೆರಳಿನ ರಕ್ತ. ಹಾಸಿಗೆ ಹೊಲಿಯುವ ದಬ್ಬಣ ಅಂಗೈಯುದ್ದ ಇರುತ್ತದೆ. ದಪ್ಪ ಗವಸಿನೊಳಗೆ ತಳ್ಳಿ ಆ ಕಡೆಯಿಂದ ಎಳೆಯುವಾಗ ವಾರಕ್ಕೊಮ್ಮೆಯಾದರೂ ಬೆರಳಿಗೆ ಚುಚ್ಚದೆ ಬಿಡುವುದಿಲ್ಲ. ಮಾವ "ಹ್ಞಾ" ಅಂದರೆ ಸಾಕು, ಅತ್ತೆ ಒಳಗಿನಿಂದ ಬಂದು ಆ ಬೆರಳನ್ನು ತಮ್ಮ ಬಾಯಿಗಿಟ್ಟುಕೊಂಡು ಚೀಪಿ, ರಕ್ತ ನಿಂತ ಮೇಲೆ ಸೆರಗಿನಲ್ಲಿ ಒರೆಸಿ ಹೋಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಶುರುವಾದದ್ದು, ಮುದುಕರಾದ ಮೇಲೂ ನಿಂತಿರಲಿಲ್ಲ. ಗಿರಾಕಿಗಳ ಎದುರಿಗೂ ಆಕೆಗೆ ನಾಚಿಕೆಯಿಲ್ಲ. ಸೊಸೆಗೆ ಮೊದಮೊದಲು ಅದು ಕಂಡು ನಗು ಬರುತ್ತಿತ್ತು, ಆಮೇಲೆ ಹೊಟ್ಟೆಕಿಚ್ಚು.

ಬಾವಲಿಗಳು ಅಟ್ಟಕ್ಕೆ ಬಂದು ಸೇರಿದ್ದು ಯಾವಾಗಲೋ. ಅಟ್ಟದ ಗವಾಕ್ಷಿಯ ಜಾಲರಿ ತುಕ್ಕು ಹಿಡಿದು ಬಿದ್ದುಹೋಗಿತ್ತು. ಹತ್ತಿ ಮೂಟೆ ಇಡುವ ಜಾಗ ಅದು. ಮಂಡಿನೋವಿನ ಅತ್ತೆ ಏಣಿ ಹತ್ತುವವರಲ್ಲ. ಆದ್ದರಿಂದ ಅಟ್ಟದ ಸುದ್ದಿ ಗಂಡಸರಿಗೂ ಸೊಸೆಗೂ ಮಾತ್ರ ಗೊತ್ತಿತ್ತು. ಮೂಟೆಗಳ ಮೇಲೆ ಹಿಕ್ಕೆ ಕರಿ ಎಳ್ಳು ಚೆಲ್ಲಿದ ಹಾಗೆ ಬಿದ್ದಿರುತ್ತಿತ್ತು. ಉಚ್ಚೆ ಬಿದ್ದ ಕಡೆ ಗೋಣಿ ಹಳದಿಯಾಗಿ ಗಟ್ಟಿಯಾಗಿರುತ್ತಿತ್ತು, ಅದರ ಘಾಟು ಗಂಟಲಿಗೆ ಹತ್ತಿ ಕೆಮ್ಮು ಬರುತ್ತಿತ್ತು. ಮಾವ ಹತ್ತಿಯನ್ನು ಕೊಡವಿ, ಹಿಕ್ಕೆ ಉದುರಿಸಿ, ಹಿಂಜುವ ಮಷಿನ್ನಿಗೆ ಕೊಡುತ್ತಿದ್ದರು.

"ಜಾಲರಿ ಹಾಕ್ಸಿ ಮಾವ. ಅಸಹ್ಯ," ಅಂದಿದ್ದಳು ಸೊಸೆ.

"ಹಾಕ್ಸೋಣಮ್ಮ, ಹಾಕ್ಸೋಣ. ಹಿಂಜಿದ ಮೇಲೆ ಎಲ್ಲ ಹತ್ತಿಯೂ ಬಿಳಿಯೇ," ಅಂತ ಮಾವ ನಗುತ್ತಿದ್ದರು. ಗಿರಾಕಿಗಳಿಗೆ ಅವರು ಹೇಳುತ್ತಿದ್ದದ್ದೂ ಅದೇ ನಗುವಿನಲ್ಲಿ: "ನಮ್ಮ ಹಾಸಿಗೇಲಿ ಹತ್ತಿ ಬಿಟ್ಟು ಇನ್ನೇನೂ ಇರಲ್ಲ."

ಒಂದು ದಿನ ಬೆಳಿಗ್ಗೆ ಅಂಗಡಿಯಲ್ಲಿ ನಿಂತಿದ್ದವಳು ಬಸ್ಸಿನ ಕಂಡಕ್ಟರಮ್ಮ. ಹಾಸಿಗೆ ಹಿಡಿದ ತನ್ನ ತಂದೆಗೆ ಮೆತ್ತನೆಯದೊಂದು ಮಾಡಿಸುತ್ತಿದ್ದಳು. ಡ್ಯೂಟಿಗೆ ಹೊತ್ತಾಯಿತು ಅಂತ ಹೆಗಲಿಗೆ ಚೀಲ ನೇತುಹಾಕಿಕೊಂಡೇ ಬಂದಿದ್ದಳು. ಹಾಸಿಗೆಯ ಮೂರು ಅಂಚು ಮುಗಿದು ನಾಲ್ಕನೆಯದು ಬಾಯಿ ತೆರೆದಿತ್ತು. ಒಂದು ಮೂಲೆಗೆ ಇನ್ನೊಂದು ಹಿಡಿ ಹತ್ತಿ ಬೇಕೆಂದು ಮಾವ ಅಟ್ಟದಿಂದ ಇಳಿಸಿದ್ದ ಪಕ್ಕದ ಮೂಟೆಗೆ ಕೈ ಹಾಕಿದರು.

ಸೊಸೆ ಮಷಿನ್ನಿನ ಹತ್ತಿರ ಕೂತಿದ್ದಳು. ಮಾವನ ಭುಜ ಒಮ್ಮೆ ಜಿಗಿದದ್ದು ಕಂಡಳು. ಕೈ ಹೊರಗೆ ಬಂದಾಗ ತೋರುಬೆರಳಿನ ತುದಿಗೆ ಒಂದು ಕಂದು ಚಿಂದಿ ನೇತಾಡುತ್ತಿತ್ತು. ಚಿಂದಿಗೆ ಕಿವಿಗಳಿದ್ದವು, ಒದ್ದೆ ಮೂತಿಯಿತ್ತು. ಹಲ್ಲು ಬೆರಳಿಗೆ ಕಚ್ಚಿಕೊಂಡಿತ್ತು. ಕಂಡಕ್ಟರಮ್ಮ ಬೀದಿಯ ಕಡೆ ನೋಡುತ್ತಾ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಳು. ಅವಳು ಇತ್ತ ತಿರುಗುವಷ್ಟರಲ್ಲಿ ಮಾವ ಆ ಪ್ರಾಣಿಯನ್ನು ಮುಷ್ಟಿಯಲ್ಲಿ ಹಿಸುಕಿ, ಹಿಡಿ ಹತ್ತಿಯ ಜೊತೆಗೇ ಹಾಸಿಗೆಯ ಮೂಲೆಗೆ ತುರುಕಿದರು.

"ಆಯ್ತಾ ಯಜಮಾನ್ರೇ?"

"ಆಯ್ತಮ್ಮ, ಇದೊಂದು ಹೊಲಿಗೆ."

ಅವಳ ಕಣ್ಣೆದುರಿಗೇ, ನಗುನಗುತ್ತಾ, ಮಾವ ನಾಲ್ಕನೆಯ ಅಂಚು ಹೊಲಿದರು. ಬೆರಳಿನಿಂದ ರಕ್ತ ಗವಸಿನ ಮೇಲೆ ತೊಟ್ಟಿಕ್ಕದ ಹಾಗೆ ಕೈಯನ್ನು ಓರೆಯಾಗಿ ಹಿಡಿದಿದ್ದರು. ಕೈಚಳಕ ಅಂದರೆ ಕೈಚಳಕ.

ಅಷ್ಟರಲ್ಲಿ ಅತ್ತೆ ಚಹಾ ಹಿಡಿದು ಬಂದರು. ಬೆರಳು ನೋಡಿದರು. ಎರಡು ಸಣ್ಣ ತೂತು, ದಬ್ಬಣ ಎರಡು ಸಲ ಚುಚ್ಚಿದ ಹಾಗೆ.

"ಮತ್ತೆ ಚುಚ್ಚಿಕೊಂಡ್ರಾ? ಕಣ್ಣು ಎಲ್ಲಿಟ್ಟಿರ್ತೀರೋ," ಅಂದು ಬೆರಳನ್ನು ಬಾಯಿಗಿಟ್ಟುಕೊಂಡರು.

ಮಾವ ಕೈ ಎಳೆದುಕೊಳ್ಳಲು ನೋಡಿದರು, ಆಕೆ ಬಿಡಲಿಲ್ಲ. ಮಾವನ ಕಣ್ಣು ಸೊಸೆಯ ಕಣ್ಣಿಗೆ ಸಿಕ್ಕಿತು. ಸೊಸೆ ಬಾಯಿ ತೆರೆದಳು. ಕಂಡಕ್ಟರಮ್ಮ ನೋಡುತ್ತಾ ನಿಂತಿದ್ದಳು. ಸೊಸೆ ಬಾಯಿ ಮುಚ್ಚಿದಳು. ಅತ್ತೆ ಚೀಪಿ, ಒರೆಸಿ, ಚಹಾದ ಲೋಟ ಕೊಟ್ಟು ಒಳಗೆ ಹೋದರು. ಹಾಸಿಗೆ ತಳ್ಳುಗಾಡಿ ಹತ್ತಿತು.

ಮಧ್ಯಾಹ್ನ ಮೂಟೆಗಳನ್ನು ಇಳಿಸುವ ನೆಪದಲ್ಲಿ ಮಾವ, ಸೊಸೆ, ಅವಳ ಗಂಡ ಮೂವರೂ ಅಟ್ಟದಲ್ಲಿ ಸೇರಿದರು. ಗಂಡನಿಗೆ ಸೊಸೆ ಎಲ್ಲ ಹೇಳಿದಳು.

"ಅಪ್ಪಾ, ಒಳಗೆ ಹೊಲಿದುಬಿಟ್ಯಾ?" ಗಂಡನಿಗೆ ಮೊದಲು ನಗುವೇ ಬಂತು.

"ಇನ್ನೇನು ಮಾಡ್ಲಿ? ಅವಳು ಬಸ್ಸಿನ ತುಂಬಾ ಡಂಗುರ ಹೊಡೀತಿದ್ಲು. ಹಾಸಿಗೆಯವರ ಅಂಗಡೀಲಿ ಬಾವಲಿ ಸಾಕ್ತಾರೆ ಅಂತ."

"ಹಾಸಿಗೆ ಹಾಳಾಗಲಿ. ಅತ್ತೆ ಬಾಯಿ ಹಾಕಿದ್ರಲ್ಲ ಮಾವ," ಅಂದಳು ಸೊಸೆ. "ಈಗಲೇ ಹೇಳಿ, ಬಾಯಾದ್ರೂ ತೊಳ್ಕೊಳ್ಳಲಿ."

ಮಾವನ ಮುಖ ಬಿಳಿಚಿಕೊಂಡಿತು. "ಏನೂ ಆಗಲ್ಲ. ಸಣ್ಣ ಪ್ರಾಣಿ, ಇಲಿಗಿಂತ ಚಿಕ್ಕದು. ಅವಳಿಗೆ ಮಾತ್ರ ಹೇಳಬೇಡಮ್ಮ. ಅವಳ ಸ್ವಭಾವ ನಿನಗೆ ಗೊತ್ತಲ್ಲ. ಬಾವಲಿ ಎಂಜಲು ಚೀಪಿದೆ ಅಂತ ಗೊತ್ತಾದ್ರೆ ಈ ಜನ್ಮದಲ್ಲಿ ನನ್ನ ಹತ್ತಿರ ಸುಳಿಯಲ್ಲ."

"ಬೆರಳನ್ನಾದ್ರೂ ಸೋಪು ಹಾಕಿ ತೊಳೆದ್ರಾ?"

"ಚುಚ್ಚಿದ ಬೆರಳನ್ನ ನಾನು ಯಾವತ್ತು ತೊಳೆದಿದ್ದೀನಿ? ಉರಿಯುತ್ತೆ ಅಂತ ಅದೊಂದಕ್ಕೆ ಅವಳೇ ಸೋಪು ಮಾಫಿ ಮಾಡಿದ್ದಾಳೆ. ತೊಳೆದ್ರೆ ಯಾಕೆ ಅಂತ ಕೇಳ್ತಾಳೆ."

ಬೀದಿಯಲ್ಲೆಲ್ಲ ಹೆಚ್ಚು ಸೋಪಿದ್ದ ಮನೆಯಲ್ಲಿ ಆ ಬೆರಳಿಗೊಂದು ಚೂರು ಸೋಪು ಸಿಗಲಿಲ್ಲ. ಗಂಡಸರ ಬುದ್ಧಿ ಇಷ್ಟೇ ಅಂತ ಸೊಸೆ ಹಲ್ಲು ಕಚ್ಚಿಕೊಂಡಳು. ಆದರೆ ಏಣಿ ಇಳಿದು ಹೋಗಿ ಅವಳೂ ಹೇಳಲಿಲ್ಲ.

ಮಾರನೆಯ ದಿನದಿಂದ ಗಂಡ ಅಟ್ಟ ಗುಡಿಸಲು ಶುರುಮಾಡಿದ. ಬಕೆಟ್ಟುಗಟ್ಟಲೆ ಹಿಕ್ಕೆ. ಅದರ ಮೇಲೆ ಹಳೇ ಗವಸು ಮುಚ್ಚಿ, ಹತ್ತಿ ಧೂಳು ಅಂತ ಹೇಳಿ, ಸೊಸೆ ಅತ್ತೆಯ ಮುಂದಿನಿಂದಲೇ ಹೊತ್ತುಕೊಂಡು ಹೋಗಿ ಚೆಲ್ಲಿ ಬಂದಳು. ಆ ಘಾಟು ಅವಳ ಕೂದಲಿಗೆ ಅಂಟಿತು. ಊಟಕ್ಕೆ ಕೂತರೆ ಅನ್ನದಲ್ಲೂ ಅದೇ ವಾಸನೆ.

ಅದಕ್ಕಿಂತ ಹೆಚ್ಚು ಹಿಂಸೆಯಾದದ್ದು ಅತ್ತೆ ತಿನ್ನುವುದನ್ನು ನೋಡುವುದು. ಅತ್ತೆ ಬೇಳೆ ಕುದಿಯುವಾಗ ಸೌಟಿನಿಂದ ಅಂಗೈಗೆ ಹಾಕಿಕೊಂಡು ಉಪ್ಪು ನೋಡುತ್ತಿದ್ದರು. ಲೋಟಕ್ಕೆ ಬಾಯಿ ಕಚ್ಚಿ ನೀರು ಕುಡಿಯುತ್ತಿದ್ದರು. ಸೊಸೆ ಆ ತುಟಿಗಳಿಂದ ಕಣ್ಣು ಕೀಳುತ್ತಲೇ ಇರಲಿಲ್ಲ. ಆ ಒದ್ದೆ ಮೂತಿ ನೆನಪಾಗಿ ಎತ್ತಿದ ತುತ್ತನ್ನು ತಟ್ಟೆಗೇ ವಾಪಸ್ಸು ಇಡುತ್ತಿದ್ದಳು. ತನ್ನ ಲೋಟವನ್ನು ಬೇರೆ ಇಟ್ಟುಕೊಂಡಳು, ಬಿಸಿನೀರಿನಲ್ಲಿ ತೊಳೆದಳು. ಅತ್ತೆ ಅದನ್ನು ಗಮನಿಸಿದರು.

"ಏನಿದು, ಲೋಟ ಬೇರೆ ಇಟ್ಕೊಂಡಿದ್ದೀಯಾ?"

ಸೊಸೆಗೆ ಜೀವ ಬಾಯಿಗೆ ಬಂತು. "ಸುಮ್ಮನೆ ಅತ್ತೆ."

"ಅಂತೂ ಬುದ್ಧಿ ಬಂತು ಅನ್ನು. ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದಕ್ಕೆ ಸಾರ್ಥಕ ಆಯ್ತು." ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ ಆವತ್ತು ಅವಳ ತಟ್ಟೆಗೆ ತಾವೇ ಬಡಿಸಿದರು, ಬಡಿಸಿದ ಬೆರಳನ್ನು ನೆಕ್ಕಿದರು.

ಹತ್ತಿ ಧೂಳಿಗೆ ಸೊಸೆಗೆ ಕೆಮ್ಮು ಜಾಸ್ತಿಯಾಯಿತು. ಔಷಧಿ ತರಲು ಸರ್ಕಾರಿ ಆಸ್ಪತ್ರೆಗೆ ಹೋದಳು. ಬಾಟಲಿ ಕೊಡುತ್ತಿದ್ದ ನರ್ಸ್ ಸ್ವಲ್ಪ ಸಡಿಲಾಗಿ ಮಾತಾಡುವವಳಂತೆ ಕಂಡಳು. ಸೊಸೆ ಅವಳನ್ನು ಕೇಳಿದಳು.

"ನಮ್ಮ ಪಕ್ಕದ ಮನೆಯವರಿಗೆ ಬಾವಲಿ ಕಚ್ಚಿದೆ. ಏನಾದ್ರೂ ಆಗುತ್ತಾ?"

ನರ್ಸ್ ಬಾಟಲಿ ಕೆಳಗಿಟ್ಟಳು. "ಯಾವಾಗ? ತಕ್ಷಣ ಸೋಪು ಹಾಕಿ, ನಲ್ಲಿ ಕೆಳಗೆ ಹಿಡಿದು ತೊಳೆದ್ರಾ, ಕಾಲು ಗಂಟೆ?"

"ಇಲ್ಲ. ಹೋದ ವಾರ."

"ಹುಚ್ಚುನಾಯಿ ಕಾಯಿಲೆ ಗೊತ್ತಲ್ಲ? ಅದೇ ಅಥವಾ ಅದರ ದಾಯಾದಿ ಅಂತಿಟ್ಕೋ. ಎಲ್ಲ ಬಾವಲೀಲೂ ಇರಲ್ಲ. ಆದ್ರೆ ಯಾವುದರಲ್ಲಿದೆ ಅಂತ ಅದರ ಮುಖ ನೋಡಿ ಹೇಳಕ್ಕಾಗಲ್ಲ. ಮೈಯೊಳಗೆ ಹೋಗಿ ಸುಮ್ಮನೆ ಕೂತಿರುತ್ತೆ, ವಾರಗಟ್ಟಲೆ, ತಿಂಗಳುಗಟ್ಟಲೆ. ಒಂದು ಸಲ ಎದ್ರೆ ಮುಗೀತು. ಆಮೇಲೆ ಯಾವ ಡಾಕ್ಟರ ಕೈಲೂ ಏನೂ ಇಲ್ಲ. ಏಳೋದಕ್ಕೆ ಮುಂಚೆ ಇಂಜೆಕ್ಷನ್ ಬೀಳಬೇಕು."

"ಆ ಗಾಯಕ್ಕೆ ಬಾಯಿ ಹಾಕಿ ಚೀಪಿದವರಿಗೆ?"

"ಯಾರು ಚೀಪಿದ್ರು?"

"ಆ ಮನೆಯಾಕೆ. ದಬ್ಬಣ ಚುಚ್ಚಿದ್ದು ಅನ್ಕೊಂಡು."

ನರ್ಸ್ ಅವಳ ಸೆರಗಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ನೋಡಿದಳು. "ಅವರಿಗೂ ಬೇಕು. ಬಾವಲಿ ಜೊಲ್ಲು ಆ ಗಾಯದಲ್ಲೇ ಇತ್ತಲ್ಲ. ಇಬ್ಬರನ್ನೂ ಇವತ್ತೇ ಕರ್ಕೊಂಡು ಬಾಮ್ಮ, ಆ ನಿಮ್ಮ ಪಕ್ಕದ ಮನೆಯವರನ್ನ. ನಾಳೆ ಅನ್ನಬೇಡ."

ದಾರಿಯುದ್ದಕ್ಕೂ ಸೊಸೆ ಓಡುತ್ತಲೇ ಬಂದಳು. ಹಿತ್ತಲಲ್ಲಿ ಅತ್ತೆ ಸಿಕ್ಕಿದರು, ತೊಟ್ಟಿಯ ಮುಂದೆ ಕೂತು ಅವಳು ಬೆಳಿಗ್ಗೆ ಉಜ್ಜಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ಉಜ್ಜುತ್ತಿದ್ದರು.

"ಅತ್ತೆ, ಒಂದು ಮಾತು."

"ಮೊದಲು ಕೈ ತೊಳಿ. ಆಸ್ಪತ್ರೆ ಹೊಲಸನ್ನೆಲ್ಲ ಮೈಗೆ ಮೆತ್ಕೊಂಡು ಬಂದಿದ್ದೀಯಾ, ಆ ಬೆಂಚುಗಳ ಮೇಲೆ ಎಂಥೆಂಥವರು ಕೂತಿರ್ತಾರೋ. ಈ ಬಾಣಲೆ ನೋಡು. ಇದನ್ನ ತೊಳೆದದ್ದು ಅಂತಾರಾ? ನಿನ್ನ ಕೈಯಲ್ಲೇ ಜಿಡ್ಡಿದೆ ಕಣೇ, ನೀನು ಮುಟ್ಟಿದ್ದಕ್ಕೆಲ್ಲ ಅಂಟುತ್ತೆ."

ಸೊಸೆ ನಲ್ಲಿ ತಿರುಗಿಸಿದಳು. ಒಂದು ಸಲ ತೊಳೆದಳು, ಎರಡು ಸಲ ತೊಳೆದಳು. ನನ್ನ ಕೈಯಲ್ಲಿ ಜಿಡ್ಡು, ನಿಮ್ಮ ಬಾಯಲ್ಲಿ ಏನಿದೆ ಗೊತ್ತಾ ಅಂತ ಮನಸ್ಸಿನಲ್ಲೇ ಅಂದುಕೊಂಡಳು. ಅಂದುಕೊಂಡಾಗ ಎದೆಯಲ್ಲೊಂದು ತಣ್ಣನೆಯ ಸಮಾಧಾನವಾಯಿತು. ಬಿಸಿಲಲ್ಲಿ ಬಂದವಳಿಗೆ ನೀರು ಕುಡಿದ ಹಾಗೆ.

"ಏನೋ ಮಾತು ಅಂದ್ಯಲ್ಲ?"

"ಏನಿಲ್ಲ ಬಿಡಿ."

ಗಂಡಸರಿಗೆ ಮಾತ್ರ ಹೇಳಿದಳು. ಗಂಡ ಉಗುರು ಕಚ್ಚುತ್ತಾ ಕೇಳಿಸಿಕೊಂಡ. "ಆ ನರ್ಸುಗಳು ಎಲ್ಲಕ್ಕೂ ಹೆದರಿಸ್ತಾರೆ. ಅಮ್ಮಂಗೆ ಹೇಳಿದ್ರೆ ಹಾಸಿಗೆ ವಿಷಯಾನೂ ಬರುತ್ತೆ. ಅಮ್ಮ ಸುಮ್ಮನಿರ್ತಾಳಾ? ತಾನೇ ಕಂಡಕ್ಟರ್ ಮನೆಗೆ ಹೋಗಿ ಹೇಳಿ ಬರ್ತಾಳೆ. ಅಂಗಡಿಗೆ ಬೀಗ ಹಾಕ್ಬೇಕಾಗುತ್ತೆ."

"ನಿಮ್ಮಮ್ಮ ಸತ್ರೆ?"

"ಅಪಶಕುನದ ಮಾತಾಡಬೇಡ."

ಮಾವ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಒಂದು ಉಪಾಯ ಹೂಡಿದರು. ಊಟದ ಹೊತ್ತಿನಲ್ಲಿ, ಏನೋ ಈಗ ತಾನೇ ನೆನಪಾದವರಂತೆ, "ದಬ್ಬಣ ಹಿಡಿಯೋರ ಮನೆಯವರೆಲ್ಲ ಧನುರ್ವಾಯು ಇಂಜೆಕ್ಷನ್ ತಗೋಬೇಕಂತೆ. ನಾಳೆ ನಾವಿಬ್ಬರೂ ಹೋಗಿ ಬರೋಣ," ಅಂದರು.

"ಈಗ ಹೊಸದಾಗಿ ಬಂತಾ ಧನುರ್ವಾಯು?" ಅಂದರು ಅತ್ತೆ. "ನೀವು ಬೇಕಾದ್ರೆ ಹೋಗಿ. ದಬ್ಬಣ ಹಿಡಿಯೋರು ನೀವು. ಆ ಆಸ್ಪತ್ರೆ ಒಳಗೆ ನಾನು ಕಾಲಿಡಲ್ಲ."

"ಇಬ್ಬರೂ ಹೋಗೋಣ ಕಣೇ."

"ಮುದುಕರಾದ ಮೇಲೆ ಜೊತೇಲಿ ಇಂಜೆಕ್ಷನ್ ತಗೊಳ್ಳೋ ಆಸೆ ನೋಡು ಇವರದ್ದು." ಅತ್ತೆ ನಕ್ಕರು, ಮಗನೂ ನಕ್ಕ. ಮಾವ ನಗಲು ನೋಡಿದರು, ಅನ್ನ ನೆತ್ತಿಗೆ ಹತ್ತಿತು.

"ನೀವೊಬ್ಬರಾದ್ರೂ ಹೋಗಿ ಮಾವ," ಅಂತ ಸೊಸೆ ಮಷಿನ್ನಿನ ಸದ್ದಿನಲ್ಲಿ ಅವರಿಗೆ ಮಾತ್ರ ಕೇಳುವ ಹಾಗೆ ಹೇಳಿದಳು.

"ನಾನು ಚುಚ್ಚಿಸಿಕೊಂಡು ಬಂದು, ಅವಳನ್ನ ಹಾಗೇ ಬಿಡೋದಾ? ಅದೆಂಥ ಮಾತಮ್ಮ."

"ಹಾಗಾದ್ರೆ ನಿಜ ಹೇಳಿ."

"ಹೇಳ್ತೀನಿ. ಈ ವಾರ ಹೇಳ್ತೀನಿ."

ಆ ವಾರ ಹೋಯಿತು, ಇನ್ನೊಂದು ವಾರವೂ ಹೋಯಿತು. ಮಾವ ದಿನಾ ಬೆಳಿಗ್ಗೆ ಎದ್ದು ಮೊದಲು ಹೆಂಡತಿಯ ಮುಖ ನೋಡುತ್ತಿದ್ದರು. ಆಕೆ ನೀರು ಕುಡಿದದ್ದು ಕಂಡ ಮೇಲೆ ಅಂಗಡಿಗೆ ಬರುತ್ತಿದ್ದರು. ಆಕೆಗೆ ಸ್ವಲ್ಪ ತಲೆನೋವು ಅಂದರೆ ಇವರಿಗೆ ಬೆವರು. ಆದರೂ ಬಾಯಿ ಬಿಡಲಿಲ್ಲ. ಇಷ್ಟೊಂದು ಪ್ರೀತಿ, ಇಷ್ಟೊಂದು ಹೇಡಿತನ, ಎರಡೂ ಒಂದೇ ಮನುಷ್ಯನಲ್ಲಿ ಹೇಗೆ ಹಿಡಿಸುತ್ತದೋ ಅಂತ ಸೊಸೆಗೆ ಹೇಸಿಗೆಯಾಗುತ್ತಿತ್ತು. ರಾತ್ರಿ ಗಂಡನ ಜೊತೆ ಜಗಳ, ಬೆಳಿಗ್ಗೆ ಮಾವನ ಜೊತೆ ಕಣ್ಣಿನಲ್ಲೇ ಜಗಳ. ಹಗಲೆಲ್ಲ ಅತ್ತೆಯ ಬೈಗುಳ. ಒಂದೊಂದು ಬೈಗುಳಕ್ಕೂ ಆ ತಣ್ಣನೆಯ ಸಮಾಧಾನ ಬಂದು ಕೂರುತ್ತಿತ್ತು, ನಾಳೆ ಹೇಳಿದರಾಯಿತು ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ತಳ್ಳುಗಾಡಿ ಅಂಗಡಿ ಮುಂದೆ ನಿಂತಿತು. ಅದರ ಮೇಲೆ ಸುರುಳಿ ಸುತ್ತಿದ ಹಾಸಿಗೆ, ಹಿಂದೆ ಕಂಡಕ್ಟರಮ್ಮ. ಹಾಸಿಗೆ ಬರುವುದಕ್ಕೆ ಮುಂಚೆ ಅದರ ವಾಸನೆ ಒಳಗೆ ಬಂತು.

"ಯಜಮಾನ್ರೇ, ಇದರೊಳಗೆ ಏನೋ ಸತ್ತಿದೆ," ಅಂದಳು. ಬಸ್ಸಿನಲ್ಲಿ ಕೂಗಿ ಕೂಗಿ ಒಡೆದ ಗಂಟಲು, ಬೀದಿಗೆಲ್ಲ ಕೇಳಿಸಿತು. "ನಾವು ಅಪ್ಪನದೇ ವಾಸನೆ ಅನ್ಕೊಂಡ್ವಿ. ಎದ್ದು ಓಡಾಡದ ಮನುಷ್ಯ, ಎಲ್ಲ ಅಲ್ಲೇ. ದಿನಕ್ಕೆ ಎರಡು ಸಲ ಮೈ ತೊಳೆದೆ. ಬೈದೆ. ಮುದುಕಾ, ಎಷ್ಟು ತೊಳೆದ್ರೂ ನಾರ್ತೀಯಲ್ಲ ಅಂತ ಬೈದೆ. ಅವನು ಊಟ ಬಿಟ್ಟ. ತಿಂದ್ರೆ ತಾನೇ ಗಲೀಜಾಗೋದು ಅಂತ ತಿನ್ನೋದನ್ನೇ ಬಿಟ್ಟ. ನಿನ್ನೆ ಪಕ್ಕಕ್ಕೆ ಹೊರಳಿಸಿದಾಗ ಗೊತ್ತಾಯ್ತು, ವಾಸನೆ ಅವನದ್ದಲ್ಲ, ಈ ಮೂಲೇದು."

ಸೊಸೆಯ ಗಂಡ ಓಡಿಬಂದು ಹಾಸಿಗೆಗೆ ಕೈ ಹಾಕಿದ. "ಬಿಡಿ ಅಮ್ಮಾ, ಬದಲಿ ಕೊಡ್ತೀವಿ. ಒಳ್ಳೇ ಹತ್ತೀದು ಕೊಡ್ತೀವಿ."

"ನಿಲ್ಲು," ಅಂತ ಒಳಗಿನಿಂದ ಅತ್ತೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. "ಬದಲಿ ಯಾಕೆ ಕೊಡ್ಬೇಕು? ತಪ್ಪು ಮಾಡಿದವರು ಬದಲಿ ಕೊಡ್ತಾರೆ. ನೋಡಮ್ಮ, ಈ ಅಂಗಡೀಲಿ ನನ್ನ ಗಂಡ ಕೂತು ನಲವತ್ತು ವರ್ಷ ಆಯ್ತು. ನಿಮ್ಮನೇಲಿ ಇಲಿ ಸತ್ತಿದ್ರೆ ನಮ್ಮ ತಲೆಗೆ ಕಟ್ಟಬೇಡ."

"ಅಮ್ಮಾ, ಸುಮ್ಮನಿರು."

"ನೀನು ಸುಮ್ಮನಿರು. ನಮ್ಮ ಹಾಸಿಗೇಲಿ ಹತ್ತಿ ಬಿಟ್ಟು ಇನ್ನೇನೂ ಇರಲ್ಲ. ಈಗಲೇ ಬಿಚ್ಚಿ ತೋರಿಸ್ತೀನಿ, ಬೀದಿಯವರೂ ನೋಡಲಿ."

"ಬೇಡ ಕಣೇ," ಅಂದರು ಮಾವ.

ಅತ್ತೆ ದೊಡ್ಡ ಕತ್ತರಿ ತೆಗೆದುಕೊಂಡು ಆ ಮೂಲೆಯನ್ನು ಉದ್ದಕ್ಕೆ ಸೀಳಿದರು. ಕೈ ಹಾಕಿ ಹತ್ತಿಯನ್ನು ಹೊರಗೆ ಎಳೆದರು. ಮೊದಲು ಬಿಳಿ ಬಂತು, ಆಮೇಲೆ ಹಳದಿ, ಆಮೇಲೆ ಕಂದು, ಅಂಟಂಟಾಗಿ, ಒದ್ದೆಯಾಗಿ. ಕೊನೆಯ ಹಿಡಿಯಲ್ಲಿ ಅದು ಬಂತು. ಚರ್ಮ ಎಲುಬಿಗೆ ಅಂಟಿ, ರೆಕ್ಕೆ ಮುರುಟಿ, ತುಟಿ ಸುಟ್ಟವರ ಹಾಗೆ ಹಲ್ಲು ಬಿಟ್ಟುಕೊಂಡಿತ್ತು. ಹೊಟ್ಟೆಯ ಜಾಗದಲ್ಲಿ ಸಣ್ಣ ಬಿಳಿ ಹುಳುಗಳು ಮಿಸುಕಾಡುತ್ತಿದ್ದವು. ಎರಡು ಅತ್ತೆಯ ಮಣಿಕಟ್ಟಿನ ಮೇಲೆ ಹತ್ತಿದವು.

ಕಂಡಕ್ಟರಮ್ಮ ಚರಂಡಿಗೆ ಬಗ್ಗಿ ವಾಂತಿ ಮಾಡಿಕೊಂಡಳು. ಅತ್ತೆ ಮಾಡಿಕೊಳ್ಳಲಿಲ್ಲ. ಕೈಯಲ್ಲಿದ್ದದ್ದನ್ನು ನೋಡಿದರು. ಅದರ ಹಲ್ಲು ನೋಡಿದರು. ಆಮೇಲೆ ಗಂಡನನ್ನು ನೋಡಿದರು, ಮುಖವನ್ನಲ್ಲ, ಬೆರಳನ್ನು. ದಡ್ಡಿಯೇನಲ್ಲ ಸೋಪಮ್ಮ.

"ಈ ಹಾಸಿಗೆ ಹೊಲಿದ ದಿನ ನಾನು ಚಹಾ ತಂದಿದ್ದೆ," ಅಂದರು.

ಮಾವ ತಲೆ ತಗ್ಗಿಸಿದರು.

"ದಬ್ಬಣ ಅಲ್ಲ ಅದು."

"ಹೇಳೋಣ ಅಂತಿದ್ದೆ ಕಣೇ."

ಅತ್ತೆ ಅದನ್ನು ಮೆಲ್ಲಗೆ ನೆಲಕ್ಕೆ ಹಾಕಿ ಹಿತ್ತಲಿಗೆ ನಡೆದರು. ಹಿಂದೆಯೇ ಸೊಸೆ ಓಡಿದಳು. ಅತ್ತೆ ಕೈ ತೊಳೆದು, ಸೋಪಿನ ಬಿಲ್ಲೆಯನ್ನು ಬಾಯೊಳಗೇ ಇಟ್ಟು ಉಜ್ಜಿಕೊಳ್ಳುತ್ತಿದ್ದರು. ನಾಲಿಗೆಗೆ, ವಸಡಿಗೆ, ಅಂಗುಳಕ್ಕೆ. ಉಗಿದ ನೊರೆ ಕೆಂಪಗಿತ್ತು.

"ಅತ್ತೆ, ಸಾಕು. ಈಗ ತೊಳೆದ್ರೆ ಹೋಗಲ್ಲ. ಇಂಜೆಕ್ಷನ್ ಇದೆ, ಇವತ್ತೇ ಹಾಕಿಸ್ಬೇಕು. ಬನ್ನಿ."

ಅತ್ತೆ ನೊರೆ ಬಾಯಲ್ಲೇ ಅವಳನ್ನು ದಿಟ್ಟಿಸಿದರು. ಬಾಯಿ ಮುಕ್ಕಳಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ನಡುವೆ ಕೂತರು, ಆ ತುದಿಗೆ ಮಾವ, ಈ ತುದಿಗೆ ಸೊಸೆ. ಬೆಂಚಿನ ಕೊಳೆಯ ಬಗ್ಗೆ ಅತ್ತೆ ಚಕಾರ ಎತ್ತಲಿಲ್ಲ. ಮಾವ ಒಮ್ಮೆ ಅವರ ಕಡೆ ಸರಿದರು, ಅತ್ತೆ ಅಷ್ಟೇ ಇತ್ತ ಸರಿದರು. ಡಾಕ್ಟರು ಇಬ್ಬರನ್ನೂ ನೋಡಿ, ಜ್ವರವಿಲ್ಲ, ಬೆರಳಲ್ಲಿ ಜುಮ್ಮೆನ್ನುವುದಿಲ್ಲ, ನುಂಗಲು ತೊಂದರೆಯಿಲ್ಲ ಅಂತ ಕೇಳಿ ತಿಳಿದು, ತಡವಾಗಿದೆ, ಆದರೆ ತೀರಾ ತಡ ಅಂತ ಈಗಲೇ ಹೇಳಲಾಗದು ಅಂದರು. ಇಂಜೆಕ್ಷನ್ ಒಂದಲ್ಲ, ಬಿಟ್ಟು ಬಿಟ್ಟು ಹಲವು. ಬಾವಲಿಯಲ್ಲಿ ರೋಗವಿತ್ತೋ ಇಲ್ಲವೋ ಅಂತ ಆ ಕೊಳೆತದ್ದರಿಂದ ಈಗ ತಿಳಿಯುವುದು ಕಷ್ಟ, ಕೆಲವು ತಿಂಗಳು ಕಾಯಬೇಕು.

ಇಂಜೆಕ್ಷನ್ ತಂದವಳು ಅದೇ ನರ್ಸ್. ಸೊಸೆಯನ್ನು ಕಂಡು ನಿಂತಳು.

"ಪಕ್ಕದ ಮನೆಯವರು ಇವರೇನಾ? ಅವತ್ತೇ ಕರ್ಕೊಂಡು ಬಾ ಅಂತ ಅಷ್ಟು ಹೇಳಿದ್ನಲ್ಲಮ್ಮ."

ಸೊಸೆಯ ಮುಖಕ್ಕೆ ರಕ್ತ ನುಗ್ಗಿತು. ನರ್ಸ್ ಮಾವನನ್ನು ಮೊದಲು ಒಳಗೆ ಕರೆದುಕೊಂಡು ಹೋದಳು. ಬೆಂಚಿನ ಮೇಲೆ ಇಬ್ಬರೇ ಉಳಿದರು.

"ನಿನಗೆ ಆವತ್ತಿಂದ ಗೊತ್ತಿತ್ತು," ಅಂದರು ಅತ್ತೆ.

"ನಿಮ್ಮ ಮಗ ಹೇಳಬೇಡ ಅಂದ್ರು. ಮಾವನೂ..."

"ಅವರು ಗಂಡಸರು. ಒಬ್ಬನಿಗೆ ಅಂಗಡಿ ಚಿಂತೆ, ಇನ್ನೊಬ್ಬರಿಗೆ ನಾನು ಮುಖ ತಿರುಗಿಸ್ತೀನಿ ಅನ್ನೋ ಚಿಂತೆ. ಅದು ಅರ್ಥ ಆಗುತ್ತೆ. ನೀನು ಅವರ ಮಾತು ಯಾವತ್ತು ಕೇಳಿದ್ದೀಯಾ? ಪರದೆ ಬಣ್ಣಕ್ಕೂ ಜಗಳ ಆಡೋಳು ನೀನು. ಇದಕ್ಕೆ ಯಾಕೆ ಸುಮ್ಮನಿದ್ದೆ?"

"ಹೇಳಿದ್ರೆ ನಿಮಗೆ ಅಸಹ್ಯ ಆಗುತ್ತೆ ಅಂತ."

"ನಿಜ ಹೇಳು."

ಸೊಸೆ ತನ್ನ ಕೈಗಳನ್ನು ನೋಡಿಕೊಂಡಳು. ಸುಳ್ಳು ಹೇಳಲು ಇನ್ನೂ ನಾಲ್ಕು ಮಾತು ನಾಲಿಗೆಯ ತುದಿಯಲ್ಲೇ ಇದ್ದವು. ಅವುಗಳ ಮೇಲೂ ಹೇಸಿಗೆ ಬಂತು.

"ಹೇಳೋಕೆ ಅಂತಲೇ ಓಡಿ ಬಂದಿದ್ದೆ ಅತ್ತೆ. ನೀವು ನನ್ನ ಕೈಯಲ್ಲಿ ಜಿಡ್ಡಿದೆ ಅಂದ್ರಿ. ನಿಮ್ಮ ಬಾಯಲ್ಲಿ ಏನಿದೆ ಅಂತ ನನಗೊಬ್ಬಳಿಗೆ ಗೊತ್ತಿತ್ತು. ಅದು ಗೊತ್ತಿರೋದು ನನಗೆ... ಹಿತವಾಗಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ದಿನಾ ಇಟ್ಕೊಂಡೆ."

ಅತ್ತೆ ಸೆರಗಿನ ತುದಿಯಿಂದ ತುಟಿ ಒತ್ತಿಕೊಂಡರು. ಸೋಪಿಗೆ ಸುಲಿದುಹೋದ ತುಟಿ ಊದಿತ್ತು. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಅಂತ ಸೊಸೆ ಕಾದಳು. ಅತ್ತೆ ಬೈಯಲಿಲ್ಲ.

ನರ್ಸ್ ಬಂದು ಅವರ ತೋಳಿಗೆ ಸೂಜಿ ಚುಚ್ಚಿ, ಹತ್ತಿ ಒತ್ತಿ ಹಿಡಿದಳು. "ಇನ್ಮೇಲೆ ಮನೇಲಿ ಯಾರಾದ್ರೂ ಒಬ್ಬರು ಇವರನ್ನ ಸರಿಯಾಗಿ ನೋಡ್ತಿರಬೇಕು. ನೀರು ಕುಡಿಯೋವಾಗ, ತುತ್ತು ನುಂಗೋವಾಗ. ಸ್ವಲ್ಪ ವ್ಯತ್ಯಾಸ ಕಂಡ್ರೂ ಕರ್ಕೊಂಡು ಬರಬೇಕು. ಯಾರು ನೋಡ್ಕೋತೀರ? ಮಗನಾ?"

"ಮಗ ಬೇಡ," ಅಂದರು ಅತ್ತೆ. ತೋಳಿನ ಹತ್ತಿಯನ್ನು ತಾವೇ ಒತ್ತಿ ಹಿಡಿದುಕೊಂಡು, ಗದ್ದದಿಂದ ಸೊಸೆಯ ಕಡೆ ತೋರಿಸಿದರು. "ಇವಳಿಗೇ ಹೇಳಿ. ನಾನು ತಿನ್ನೋದು ಕುಡಿಯೋದು ಇವಳು ಕಣ್ಣು ಕೀಳದೆ ನೋಡ್ತಾಳೆ. ಇಷ್ಟು ದಿನ ನೋಡಿದ್ದಾಳೆ."

ನರ್ಸ್ ಸೊಸೆಯ ಮುಖ ನೋಡಿದಳು. ಸೊಸೆ ಹೂಂ ಅಂದಳು.